ಹುಟ್ಟಲಿರುವ ಕರುವಿನ ಅಪ್ಪ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹೋರಿ ನೋಡುವುದಕ್ಕಿಂತ ಹೋರಿ ನೋಡುವವರನ್ನು ನೋಡುವುದು ನನಗೆ ಹೆಚ್ಚು ಇಷ್ಟ. ಚಳಿ ಇನ್ನೂ ಬಿಟ್ಟಿರುವುದಿಲ್ಲ. ಬಯಲ ತುಂಬ ಹಳ್ಳಿಕಾರ್ ಹೋರಿಗಳು. ಕೆಲವಕ್ಕೆ ಶಾಮಿಯಾನ, ಕಾಲ ಕೆಳಗೆ ಹುಲ್ಲಿನ ಹಾಸು, ಕೊರಳಲ್ಲಿ ಚೆಂಡು ಹೂವಿನ ಹಾರ. ವಯಸ್ಸಾದ ರೈತರೊಬ್ಬರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ದೂರದಲ್ಲೇ ನಿಲ್ಲುತ್ತಾರೆ. ಮುಟ್ಟುವುದಿಲ್ಲ, ಬೆಲೆ ಕೇಳುವುದಿಲ್ಲ. ‘ಒಂದ್ಸಲ ನಡೆಸಪ್ಪ’ ಅನ್ನುತ್ತಾರೆ. ಹೋರಿ ನಡೆಯುತ್ತದೆ. ಅವರ ಕಣ್ಣು ಕಾಲಿನ ಮೇಲೆ. ಹಿಂಗಾಲು ಒಳಕ್ಕೆ ತಿರುಚುತ್ತದೆಯೇ, ಹೆಜ್ಜೆ ಹಗುರವಾಗಿ ಬೀಳುತ್ತದೆಯೇ, ಗೊರಸಿನ ಸಂದು ಬಿಗಿಯಾಗಿದೆಯೇ. ಆಮೇಲೆ ಮುಖ. ಉದ್ದವಿರಬೇಕು, ಹಣೆಯ ನಡುವೆ ಒಂದು ತೆಳು ಹಳ್ಳ ಕಾಣಬೇಕು. ಕೊಂಬು ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ತುದಿಯಲ್ಲಿ ಮತ್ತೆ ಮುಂದಕ್ಕೆ ನೋಡಬೇಕು. ಗಂಗೆದೊಗಲು ಜೋಲಾಡಬಾರದು. ಇಷ್ಟೆಲ್ಲ ಆದ ಮೇಲೆ ಹತ್ತಿರ ಬಂದು ಬೆನ್ನ ಮೇಲೆ ಕೈಯಾಡಿಸಿ ಸುಳಿ ಹುಡುಕುತ್ತಾರೆ. ಸುಳಿಯ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಮಿಕ್ಕ ಆ ನೋಟದಲ್ಲಿ ಎಷ್ಟೋ ತಲೆಮಾರಿನ ಬುದ್ಧಿಯಿದೆ.

ಅದೆಲ್ಲ ಉಳುವ, ಎಳೆಯುವ ದನಕ್ಕೆ ಬೇಕಾದ ಬುದ್ಧಿ. ಮೈಸೂರು ಸೀಮೆಯಲ್ಲಿ ಅದಕ್ಕೆ ದೊಡ್ಡ ಇತಿಹಾಸವೇ ಇದೆ. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ಸರ್ಕಾರಿ ದನಗಳ ಇಲಾಖೆಯೊಂದನ್ನು ಬೆಳೆಸಿದರು. ಅದು ಹೈದರನ ಕೈಗೆ ಬಂತು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ತೋಪು ಎಳೆಯಬೇಕು, ದಂಡಿನ ಸಾಮಾನು ಹೊರಬೇಕು, ಅರೆಹೊಟ್ಟೆಯಲ್ಲೂ ಬಿರುಸಾಗಿ ನಡೆಯಬೇಕು. ಹೋರಿಗಳನ್ನು ಆರಿಸಿದ್ದು ಅದಕ್ಕೆ. ತಳಿ ಕೊಟ್ಟಿದ್ದೂ ಅದನ್ನೇ. ಅಮೃತ ಮಹಲ್ ದನ ಇವತ್ತಿಗೂ ಗಾಳಿಯಂತೆ ಓಡುತ್ತದೆ. ಹಾಲು ಮಾತ್ರ ತನ್ನ ಕರುವಿಗೆ ಸಾಕಾಗುವಷ್ಟು. ನಾವು ಯಾವುದಕ್ಕೆ ಹೋರಿಯನ್ನು ಆರಿಸುತ್ತೇವೋ ಕೆಲವು ತಲೆಮಾರು ಕಳೆದ ಮೇಲೆ ಕೊಟ್ಟಿಗೆಯಲ್ಲಿ ಅದೇ ಇರುತ್ತದೆ, ಆರಿಸದೆ ಬಿಟ್ಟದ್ದು ಇರುವುದಿಲ್ಲ. ಹಾಲಿನ ಹಸುವಿಗೆ ಹೋರಿ ಹುಡುಕುವಾಗ ಈ ಮಾತು ನನ್ನ ತಲೆಯಲ್ಲಿ ಸದಾ ಇರುತ್ತದೆ.

ಹಾಲಿಗೆ ಹೋರಿ ಆರಿಸುವ ವಿದ್ಯೆಗೆ ಜಾತ್ರೆಯ ನೋಟ ಸಾಲದು. ಕಾರಣ ಬಹಳ ಸರಳ. ಹೋರಿಗೆ ಕೆಚ್ಚಲಿಲ್ಲ. ಎಷ್ಟೇ ಸುತ್ತು ಬಂದು ನೋಡಿದರೂ ಅದರ ಮೈಮೇಲೆ ಹಾಲಿನ ಗುರುತು ಸಿಕ್ಕುವುದಿಲ್ಲ. ಹಾಲಿಗೆ ಸಂಬಂಧಪಟ್ಟದ್ದೆಲ್ಲ ಅದರ ರಕ್ತದೊಳಗೆ ಅಡಗಿದೆ, ಹೊರಗೆ ಬರುವುದು ಮಗಳಲ್ಲಿ. ಹಾಗಾಗಿ ಹೋರಿಯನ್ನು ತಿಳಿಯಬೇಕಾದರೆ ಅದರ ಮನೆಯ ಹೆಂಗಸರನ್ನು ಕೇಳಬೇಕು. ಅಮ್ಮ ಒಂದು ಸೂಲಿನಲ್ಲಿ ಎಷ್ಟು ಹಾಲು ಕೊಟ್ಟಳು, ಎಷ್ಟು ಸೂಲು ಬಾಳಿದಳು, ಅಕ್ಕತಂಗಿಯರು ಹೇಗಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಣ್ಣುಮಕ್ಕಳು ಹುಟ್ಟಿ ಬೆಳೆದಿದ್ದರೆ ಅವರು ಏನು ಹೇಳುತ್ತಾರೆ?

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎನ್ನುವ ಗಾದೆ ಕೊಟ್ಟಿಗೆಯಲ್ಲಿ ಅರ್ಧ ನಿಜ. ಇನ್ನರ್ಧ ಅಪ್ಪನದು. ಆ ಅರ್ಧದ ತೂಕ ಊರಿನ ಲೆಕ್ಕದಲ್ಲಿ ಇನ್ನೂ ದೊಡ್ಡದು. ಒಂದು ಹಸು ಚೆನ್ನಾಗಿ ಬಾಳಿದರೆ ಐದಾರು ಕರು ಹಾಕೀತು, ಅದರಲ್ಲಿ ಹೆಣ್ಗರು ಎರಡೋ ಮೂರೋ. ಒಂದು ಬೀಜದ ಹೋರಿಯಿಂದ ಒಂದು ಸಲಕ್ಕೆ ತೆಗೆದ ವೀರ್ಯವೇ ಇನ್ನೂರು ಮುನ್ನೂರು ಸ್ಟ್ರಾಗಳಿಗೆ, ಅಂದರೆ ವೀರ್ಯ ತುಂಬಿಡುವ ಸಣ್ಣ ಕೊಳವೆಗಳಿಗೆ, ಬರುತ್ತದೆ. ಅದರ ಮಕ್ಕಳು ಸಾವಿರಗಟ್ಟಲೆ ಕೊಟ್ಟಿಗೆಗಳಲ್ಲಿ ಇರುತ್ತವೆ. ಒಳ್ಳೆಯ ಹಸು ಒಂದು ಮನೆಗೆ ಒಳ್ಳೆಯದು ಮಾಡಿದರೆ ಒಳ್ಳೆಯ ಹೋರಿ ಒಂದು ತಾಲ್ಲೂಕನ್ನೇ ಎತ್ತುತ್ತದೆ. ಕೆಟ್ಟದ್ದಾದರೂ ಅಷ್ಟೇ ದೂರ ಹಬ್ಬುತ್ತದೆ.

ಮಗಳನ್ನು ನೋಡಿ ಅಪ್ಪನನ್ನು ಅಳೆಯುವ ಈ ಕೆಲಸಕ್ಕೆ ಸಂತಾನ ಪರೀಕ್ಷೆ ಎನ್ನುತ್ತಾರೆ. ನನಗೆ ಇದಕ್ಕಿಂತ ಸೊಗಸಾದ ಲೆಕ್ಕ ಬೇರೆ ಗೊತ್ತಿಲ್ಲ. ಎಳೆಯ ಹೋರಿ ಒಂದೂವರೆ ಎರಡು ವರ್ಷಕ್ಕೆ ವೀರ್ಯ ಕೊಡಲು ಶುರುಮಾಡುತ್ತದೆ. ಅದರ ಸ್ಟ್ರಾಗಳನ್ನು ಬೇರೆ ಬೇರೆ ಊರುಗಳಿಗೆ ಹಂಚುತ್ತಾರೆ. ಹಸು ಗಬ್ಬವಾಗಿ ಒಂಬತ್ತು ತಿಂಗಳು ಹೊತ್ತು ಕರು ಹಾಕಬೇಕು. ಆ ಕರು ಕಡಸಾಗಿ, ಬೆದೆಗೆ ಬಂದು, ಗಬ್ಬವಾಗಿ, ತಾನೂ ಈಯಬೇಕು. ಆಮೇಲೆ 305 ದಿನಗಳ ಒಂದು ಪೂರ್ತಿ ಸೂಲು ಹಾಲು ಅಳೆಯಬೇಕು. ಅಷ್ಟು ಹೊತ್ತಿಗೆ ಅಪ್ಪನಿಗೆ ಆರೇಳು ವರ್ಷ ದಾಟಿರುತ್ತದೆ. ಅಳೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಹಿಂಡಿ, ಬೂಸಾ, ಹಸಿಮೇವು ಧಾರಾಳವಾಗಿರುವ ಮನೆಯಲ್ಲಿ ಸಾಧಾರಣ ಹೋರಿಯ ಮಗಳೂ ಹದಿನೈದು ಲೀಟರ್ ಕರೆದಾಳು. ಬರೀ ಒಣಹುಲ್ಲಿನ ಮನೆಯಲ್ಲಿ ಒಳ್ಳೆಯ ಹೋರಿಯ ಮಗಳು ಆರಕ್ಕೇ ನಿಂತಾಳು. ಅದಕ್ಕೇ ಒಂದು ಹೋರಿಯ ಮಕ್ಕಳನ್ನು ಅನೇಕ ಮನೆಗಳಲ್ಲಿ ನೋಡಬೇಕು. ಅದೇ ಸೀಮೆಯಲ್ಲಿ, ಅದೇ ಕಾಲದಲ್ಲಿ ಈದ ಬೇರೆ ಹೋರಿಗಳ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ ಹೋಲಿಸಬೇಕು. ಮನೆಯ ಗುಣ, ಮೇವಿನ ಗುಣ, ಮಳೆಯ ಗುಣ ಎಲ್ಲ ಕಳೆದ ಮೇಲೆ ಉಳಿಯುವುದು ಅಪ್ಪನ ಗುಣ. ಎಷ್ಟೋ ಮನೆಗಳ ಹೆಂಗಸರು ಬೆಳಗಿನ ಜಾವ ಎದ್ದು ಕರೆದ ಹಾಲನ್ನು ಯಾರೋ ಒಬ್ಬರು ತಾಳ್ಮೆಯಿಂದ ಅಳೆದು ಬರೆದುಕೊಂಡರೆ, ಎಲ್ಲೋ ಕಟ್ಟಿರುವ ಹೋರಿಯ ಬೆಲೆ ತಿಳಿಯುತ್ತದೆ.

ಆ ಹೋರಿಯನ್ನು ರೈತ ಈಗ ಕಣ್ಣಿಂದ ನೋಡುವುದೇ ಇಲ್ಲ. ಅದು ಬೈಕಿನ ಹಿಂದೆ, ದ್ರವಸಾರಜನಕದ ಕ್ಯಾನಿನೊಳಗೆ ಬರುತ್ತದೆ. ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕಿ ಕ್ಯಾನಿನ ಹೊಟ್ಟೆಯ ಮೇಲೆ ಇಳಿಯುತ್ತದೆ. ಒಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿ. ಇಕ್ಕಳದಲ್ಲಿ ಒಂದು ಸ್ಟ್ರಾ ಎತ್ತಿ, ಕೊಡವಿ, 37 ಡಿಗ್ರಿ ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಬಿಡುತ್ತಾರೆ. ಹದಿಮೂರು ಸೆಂಟಿಮೀಟರ್ ಉದ್ದದ, ಬತ್ತಿಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ಕೊಳವೆ. ಒಳಗಿರುವುದು ಕಾಲು ಮಿಲಿಲೀಟರ್, ಅದರಲ್ಲಿ ಸುಮಾರು ಎರಡು ಕೋಟಿ ವೀರ್ಯಾಣು. ಕೊಳವೆಯ ಮೈಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ. ತಳಿ, ಹೋರಿಯ ನಂಬರು, ವೀರ್ಯ ತೆಗೆದ ತಾರೀಖು, ಕೇಂದ್ರದ ಗುರುತು. ಆ ಒಂದು ಸಾಲು ಓದುವುದಕ್ಕೆ ನಾನು ಕಣ್ಣು ಕಿರಿದು ಮಾಡಿ ಬಗ್ಗುತ್ತೇನೆ. ಕರುವಿನ ಜಾತಕದ ಅರ್ಧ ಅಲ್ಲಿದೆ.

ಕೃತಕ ಗರ್ಭಧಾರಣೆಯ ಈ ವಿದ್ಯೆ ನಮ್ಮ ದೇಶಕ್ಕೆ ಕಾಲಿಟ್ಟದ್ದು ಮೈಸೂರಿನಲ್ಲಿ ಎಂದು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. 1939ರಲ್ಲಿ ಮೈಸೂರು ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ (ಎಚ್‌ಎಫ್) ಹೋರಿಯ ವೀರ್ಯವನ್ನು ಕೃತಕವಾಗಿ ಕೊಟ್ಟು ನೋಡಿದರು. ಮೂವತ್ಮೂರು ಹಸುಗಳು ಗಬ್ಬ ನಿಂತವು. ಆಗ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಉಪಾಯ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗ್ಲಿಸರಿನ್ ಬೆರೆಸಿದರೆ ವೀರ್ಯಾಣು ಚಳಿಗೆ ಸಾಯುವುದಿಲ್ಲ ಎಂದು ಇಂಗ್ಲೆಂಡಿನಲ್ಲಿ ಕಂಡುಕೊಂಡದ್ದು 1949ರಲ್ಲಿ. ಆಮೇಲೆ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಆ ಕೆಲಸ ಬೇರು ಬಿಟ್ಟಿತು. ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಸಂಸ್ಥೆಯೂ ನಂದಿನಿಯ ವೀರ್ಯ ಕೇಂದ್ರವೂ ಈಗ ಅಲ್ಲಿವೆ. ಹಿಂದೆ ಊರಿಗೊಂದು ಹೋರಿ ತಿರುಗುತ್ತಿದ್ದ ಕಾಲದಲ್ಲಿ ಕಂದು ಹಾಕಿಸುವ ಬ್ರೂಸೆಲ್ಲಾದಂಥ ರೋಗಗಳು ಹಸುವಿನಿಂದ ಹಸುವಿಗೆ ಹೋರಿಯ ಜೊತೆಯಲ್ಲೇ ಹೋಗುತ್ತಿದ್ದವು. ಕೇಂದ್ರದ ಹೋರಿಗಳಿಗೆ ಬ್ರೂಸೆಲ್ಲಾ, ಕ್ಷಯ ಮುಂತಾದ ರೋಗಗಳ ಪರೀಕ್ಷೆ ಮತ್ತೆ ಮತ್ತೆ ಆಗುತ್ತದೆ. ಹಾಲಿನ ಮಾತು ಬದಿಗಿಟ್ಟರೂ ಇದೊಂದಕ್ಕೇ ನಾನು ಆ ಸ್ಟ್ರಾಗೆ ಕೈ ಮುಗಿಯುತ್ತೇನೆ.

ನಂಬರು ಕೇಳುವುದನ್ನು ನಾನು ಕಲಿತದ್ದು ಚನ್ನರಾಯಪಟ್ಟಣದ ಕಡೆಯ ನಮ್ಮ ದೊಡ್ಡಮ್ಮನಿಂದ. ಅವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಡೈರಿಗೆ ಹಾಕಿದ ಹಾಲು ಒಂದು ಕಡೆ. ಪುಸ್ತಕ ತಿರುಗಿಸಿದರೆ ಹಿಂದಿನಿಂದ ಹಸುಗಳ ಸಂಸಾರ. ಯಾವ ಹಸು ಯಾವತ್ತು ಬೆದೆಗೆ ಬಂತು, ಯಾವತ್ತು ಇಂಜೆಕ್ಷನ್ ಆಯಿತು, ಗಬ್ಬ ನಿಂತಿತೋ ಇಲ್ಲವೋ, ಕರು ಹೆಣ್ಣೋ ಗಂಡೋ, ಕಸ ಬಿದ್ದಿತೋ ಕೈ ಹಾಕಿ ತೆಗೆಸಬೇಕಾಯಿತೋ. ಇಂಜೆಕ್ಷನ್ನಿಗೆ ಬಂದ ಹುಡುಗ ಕ್ಯಾನಿಗೆ ಕೈ ಹಾಕುವ ಮೊದಲೇ ಅವರು ಪುಸ್ತಕ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿರುತ್ತಾರೆ.

‘ಯಾವುದಪ್ಪ ಇವತ್ತು?’

‘ಎಚ್‌ಎಫ್ ಅಮ್ಮ. ಒಳ್ಳೇದೇ ಇದೆ.’

‘ಒಳ್ಳೇದು ಸರಿ ಕಣಪ್ಪ, ನಂಬರ್ ಹೇಳು.’

ಹುಡುಗ ತನ್ನ ಪುಸ್ತಕ ನೋಡಿ ನಂಬರು ಓದುತ್ತಾನೆ. ದೊಡ್ಡಮ್ಮನ ಬೆರಳು ಹಾಳೆಯ ಮೇಲೆ ಇಳಿಯುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ.

‘ಇವಳಪ್ಪನೂ ಇವನೇ. ಅಪ್ಪನ್ನ ತಂದು ಮಗಳಿಗೇ ಕೊಡ್ತೀಯಾ? ಬೇರೇದು ತೆಗಿ.’

‘ಬೇರೆ ಒಂದೈತೆ, ಮಿಶ್ರತಳಿದು. ಅದರವ್ವ ಹಾಲು ಒಂಚೂರು ಕಮ್ಮಿ ಅಮ್ಮ.’

‘ಕಮ್ಮಿ ಆಗಲಿ ಬಿಡು. ಹುಟ್ಟಿದ್ದು ಗಟ್ಟಿಯಾಗಿರಲಿ.’

ಆ ಎರಡು ನಿಮಿಷದ ಮಾತಿನಲ್ಲಿ ಇದ್ದ ವಿಷಯ ದೊಡ್ಡದು. ಒಂದು ಹೋರಿಯ ಸ್ಟ್ರಾ ಅದೇ ಊರಿಗೆ ಮೂರು ನಾಲ್ಕು ವರ್ಷ ಬರುತ್ತಲೇ ಇದ್ದರೆ ಮೊದಲ ವರ್ಷ ಹುಟ್ಟಿದ ಕಡಸುಗಳು ಅಷ್ಟರಲ್ಲಿ ಬೆದೆಗೆ ಬಂದಿರುತ್ತವೆ. ಅಪ್ಪನಿಗೂ ಮಗಳಿಗೂ ಹುಟ್ಟಿದ ಕರುವಿನಲ್ಲಿ ವಂಶವಾಹಿಗಳ ಕಾಲು ಭಾಗ ಎರಡೂ ಕಡೆಯಿಂದ ಒಂದೇ ಆಗಿ ಸೇರಬಹುದು. ಕರು ಸಣಕಲಾಗುವುದು, ಬೇಗ ಸಾಯುವುದು, ಬೆಳೆದರೂ ಬೆದೆ ಸರಿಯಾಗಿ ಬಾರದಿರುವುದು, ಹಾಲು ಇಳಿಯುವುದು ಎಲ್ಲ ಅದರ ಫಲ. ಕಿವಿಗೆ ಹಳದಿ ಓಲೆ ಹಾಕಿ ಹನ್ನೆರಡು ಅಂಕಿಯ ಗುರುತು ಕೊಡುವ ಸರ್ಕಾರದ ಪದ್ಧತಿ ಇಂಥ ಲೆಕ್ಕಕ್ಕೂ ಬೇಕು. ಆದರೆ ಮನೆಯಲ್ಲಿ ಒಂದು ಪುಸ್ತಕ ಇದ್ದರೆ ಅದು ಇನ್ನೂ ಬೇಗ ಕೈಗೆ ಸಿಗುತ್ತದೆ.

ಹೋರಿ ಆರಿಸುವ ಮೊದಲು ನಮ್ಮ ಹಸುವನ್ನೇ ನಿಂತು ನೋಡಬೇಕು ಎನ್ನುವುದು ನನ್ನ ಗಟ್ಟಿಯಾದ ನಂಬಿಕೆ. ಅದರಲ್ಲಿ ಏನಿದೆ, ಏನು ಕೊರತೆ? ಕರೆಯುವ ಹೊತ್ತಿಗೆ ಮುಂಚೆ, ಕೆಚ್ಚಲು ತುಂಬಿರುವಾಗ, ಹಿಂದಿನಿಂದ ನೋಡಿ. ಕೆಚ್ಚಲು ಹಿಂಗಾಲಿನ ಗಂಟಿಗಿಂತ ಮೇಲೆ ನಿಂತಿದೆಯೇ, ಅಥವಾ ಅದನ್ನು ದಾಟಿ ಜೋತಿದೆಯೇ? ನಡುವೆ ಒಂದು ಸ್ಪಷ್ಟವಾದ ಸೀಳು ಗೆರೆ ಇದ್ದರೆ ಒಳಗಿನ ಕಟ್ಟು ಗಟ್ಟಿಯಾಗಿದೆ ಎಂದು ಅರ್ಥ. ಆ ಗೆರೆ ಅಳಿಸಿ ತೊಟ್ಟುಗಳು ಹೊರಕ್ಕೆ ತಿರುಗಿದ್ದರೆ ಮೂರನೇ ನಾಲ್ಕನೇ ಸೂಲಿಗೆ ಕೆಚ್ಚಲು ನೆಲಕ್ಕೆ ಇನ್ನೂ ಹತ್ತಿರ ಬರುತ್ತದೆ. ಸಗಣಿ ತಾಗುತ್ತದೆ, ಎದ್ದು ಕೂರುವಾಗ ತನ್ನ ಗೊರಸಿನಿಂದ ತಾನೇ ತುಳಿದುಕೊಳ್ಳುತ್ತದೆ. ಕೆಚ್ಚಲು ಬಾವು ಬರುವ ಮನೆಗಳಲ್ಲಿ ನಾನು ಮೊದಲು ನೋಡುವುದು ಈ ಗೆರೆಯನ್ನು. ಅಂಥ ಹಸುವಿಗೆ ಮಹಾ ಹಾಲಿನ ಹೋರಿಗಿಂತ, ಗಟ್ಟಿ ಕೆಚ್ಚಲಿನ ಹೆಣ್ಣುಮಕ್ಕಳನ್ನು ಕೊಟ್ಟ ಹೋರಿ ಬೇಕು.

ಆಮೇಲೆ ಕಾಲು. ಮಣ್ಣಿನ ನೆಲ ಹೋಗಿ ಸಿಮೆಂಟು ಬಂದ ಮೇಲೆ ಕಾಲಿಗೆ ಬೆಲೆ ಹೆಚ್ಚಿದೆ. ಹಿಂಗಾಲು ಪಕ್ಕದಿಂದ ನೋಡಿದರೆ ತೀರ ಕೋಲಿನಂತೆ ನೆಟ್ಟಗಿರಬಾರದು, ತೀರ ಕುಡುಗೋಲಿನಂತೆ ಬಾಗಿರಲೂ ಬಾರದು. ಗೊರಸಿನ ಹಿಮ್ಮಡಿ ಎತ್ತರವಾಗಿದ್ದರೆ ಕೊಟ್ಟಿಗೆಯ ಹಸಿಯಲ್ಲಿ ಕೊಳೆಯುವುದು ಕಮ್ಮಿ. ಪೃಷ್ಠದ ಮೂಳೆ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿ ಅಗಲವಾಗಿದ್ದರೆ ಕರು ಸಲೀಸಾಗಿ ಹೊರಬರುತ್ತದೆ, ಈದ ಮೇಲೆ ಕೊಳೆ ಒಳಗೆ ನಿಲ್ಲದೆ ಹರಿದುಹೋಗುತ್ತದೆ. ಇವೆಲ್ಲ ಮಗಳಿಗೆ ಇಳಿಯುವ ಗುಣಗಳು. ಜಾತ್ರೆಯ ಆ ಹಿರಿಯರು ಹೋರಿಯ ಕಾಲು ನೋಡುವುದರಲ್ಲಿ ಎಷ್ಟು ಸರಿ ಎನ್ನುವುದು ಇಲ್ಲಿ ತಿಳಿಯುತ್ತದೆ.

ಗಾತ್ರದ ಮಾತು ಬೇರೆಯಾಗಿಯೇ ಹೇಳಬೇಕು. ಮಲೆನಾಡು ಗಿಡ್ಡ ಹಸು ನೂರಿಪ್ಪತ್ತು ಕಿಲೋ ಆಸುಪಾಸಿನ ಜೀವ. ಮಳೆಗಾಲದ ಗುಡ್ಡದಲ್ಲಿ ಮೇಯ್ದು, ಸೊಪ್ಪು ತಿಂದು, ಡಾಕ್ಟರ ಮುಖ ನೋಡದೆ ವರ್ಷ ವರ್ಷ ಕರು ಹಾಕುವ ಹಸು. ಅದಕ್ಕೆ ಬೃಹತ್ ಎಚ್‌ಎಫ್ ಹೋರಿಯ ಬೀಜ ಕೊಡುವುದು ಅನ್ಯಾಯ. ಕರು ಅಡ್ಡ ಸಿಕ್ಕಿ ತಾಯಿಯೂ ಹೋಗುತ್ತದೆ, ಕರುವೂ ಹೋಗುತ್ತದೆ. ಮೊದಲ ಸಲ ಗಬ್ಬವಾಗುವ ಕಡಸಿಗೂ ಇದೇ ಎಚ್ಚರ ಬೇಕು. ಮೈಕಟ್ಟು ಪೂರ್ತಿ ಬೆಳೆದ ಹಸುವಿನ ತೂಕದ ಮೂರರಲ್ಲಿ ಎರಡು ಪಾಲಿನ ಹತ್ತಿರ ಬರಬೇಕು, ಆಮೇಲೆ ಹೋರಿಯ ಮಾತು. ಹೋರಿಯೂ ಸಣ್ಣ ತಲೆಯ, ಸಲೀಸಾಗಿ ಹುಟ್ಟುವ ಕರುಗಳ ಹೋರಿಯಾಗಿರಬೇಕು. ಮಲೆನಾಡು, ಕರಾವಳಿಗಳಲ್ಲಿ ಜೆರ್ಸಿಯನ್ನು ಹೆಚ್ಚು ಬಳಸುವುದು ಈ ಕಾರಣಕ್ಕೂ ಹೌದು. ಜೆರ್ಸಿ ಸಣ್ಣ ಮೈಯದು, ಸೆಕೆಯನ್ನು ಎಚ್‌ಎಫ್‌ಗಿಂತ ಚೆನ್ನಾಗಿ ತಡೆಯುತ್ತದೆ, ಹಾಲಿನ ಫ್ಯಾಟು ನಾಲ್ಕೂವರೆ ದಾಟುತ್ತದೆ. ಎಚ್‌ಎಫ್ ಹಾಲು ಹೆಚ್ಚು, ಫ್ಯಾಟು ಮೂರೂವರೆಯ ಹತ್ತಿರ. ಡೈರಿಯಲ್ಲಿ ಫ್ಯಾಟಿಗೂ ಎಸ್‌ಎನ್‌ಎಫ್‌ಗೂ (ಫ್ಯಾಟು ಬಿಟ್ಟು ಉಳಿದ ಘನಾಂಶಕ್ಕೂ) ದುಡ್ಡು ಕೊಡುವಾಗ ಬರೀ ಲೀಟರಿನ ಮೇಲೆ ಕಣ್ಣಿಟ್ಟು ಹೋರಿ ಆರಿಸುವುದು ನಷ್ಟದ ಬಾಬ್ತು.

ಸೀಮೆ ಹಸುವಿನ ರಕ್ತದ ಲೆಕ್ಕ ಇನ್ನೊಂದು. ಹಳ್ಳಿಕಾರ್ ಹಸುವಿಗೆ ಎಚ್‌ಎಫ್ ಕೊಟ್ಟರೆ ಕರುವಿನಲ್ಲಿ ವಿದೇಶಿ ಪಾಲು ಅರ್ಧ. ಆ ಮಗಳಿಗೆ ಮತ್ತೆ ಶುದ್ಧ ಎಚ್‌ಎಫ್ ಕೊಟ್ಟರೆ ಮುಕ್ಕಾಲು. ಮೊಮ್ಮಗಳಿಗೂ ಅದನ್ನೇ ಕೊಟ್ಟರೆ ನೂರಕ್ಕೆ ಎಂಬತ್ತೇಳೂವರೆ. ಪ್ರತಿ ಮೆಟ್ಟಿಲಿಗೂ ಹಾಲಿನ ಆಸೆ ಏರುತ್ತದೆ, ಜೊತೆಗೇ ಬೇಸಿಗೆಯ ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುವುದು, ಉಣ್ಣೆಯಿಂದ ಬರುವ ಜ್ವರ, ಗಬ್ಬ ನಿಲ್ಲದಿರುವುದು ಕೂಡ ಏರುತ್ತದೆ. ಅರ್ಧದಿಂದ ಮುಕ್ಕಾಲಿನೊಳಗೆ ನಿಲ್ಲಿಸಿಕೊಳ್ಳಿ ಎಂದು ತಿಳಿದವರು ಹೇಳುತ್ತ ಬಂದಿದ್ದಾರೆ. ನಿಲ್ಲಿಸಿಕೊಳ್ಳುವ ದಾರಿ ಎಂದರೆ ಒಂದು ಹಂತದ ನಂತರ ಮಿಶ್ರತಳಿಯ ಹೋರಿಯನ್ನೇ ಬಳಸುವುದು. ದೊಡ್ಡಮ್ಮ ಅವತ್ತು ತೆಗೆಸಿದ್ದು ಅಂಥ ಹೋರಿಯ ಸ್ಟ್ರಾ. ಫ್ಯಾನು, ನೀರಿನ ತುಂತುರು, ಸೈಲೇಜು, ಮನೆ ಬಾಗಿಲಿಗೆ ಡಾಕ್ಟರು ಇರುವ ದೊಡ್ಡ ಫಾರಂನವರು ಇನ್ನೂ ಮೇಲೆ ಹೋಗಲಿ. ಎರಡು ಹಸು, ಅರ್ಧ ಎಕರೆ ಜೋಳದ ಮೇವು ಇರುವ ಮನೆಗೆ ಆ ಓಟ ಬೇಡ ಎಂದೇ ನಾನು ಹೇಳುತ್ತೇನೆ.

ಬರೀ ಹಾಲಿಗೆ ಆರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಹೋಲ್‌ಸ್ಟೀನ್ ಹಸುಗಳೇ ಸಾಕ್ಷಿ. ಅಲ್ಲಿ ಅರ್ಧ ಶತಮಾನದಲ್ಲಿ ಹಾಲು ಎರಡರಷ್ಟಕ್ಕೂ ಮಿಗಿಲಾಗಿ ಏರಿತು. ಆದರೆ ಹಸುಗಳು ಗಬ್ಬ ನಿಲ್ಲುವುದು ದಶಕದಿಂದ ದಶಕಕ್ಕೆ ಕಷ್ಟವಾಯಿತು. ಹೆಚ್ಚು ಹಾಲಿನ ಗುಣವೂ ಗಬ್ಬ ನಿಲ್ಲದ ಗುಣವೂ ಸ್ವಲ್ಪ ಮಟ್ಟಿಗೆ ಒಟ್ಟೊಟ್ಟಿಗೆ ಇಳಿದು ಬರುತ್ತವೆ. ಹಸುವಿನಿಂದ ಹಸುವಿಗೆ ಹಾಲಿನಲ್ಲಿ ಕಾಣುವ ವ್ಯತ್ಯಾಸದ ಕಾಲು ಭಾಗಕ್ಕಿಂತ ತುಸು ಹೆಚ್ಚು ಹುಟ್ಟಿನಿಂದ ಬಂದದ್ದು, ಮಿಕ್ಕದ್ದು ಮೇವು, ಆರೈಕೆ, ಹವೆ. ಫ್ಯಾಟಿನ ಅಂಶದಲ್ಲಿ ಹುಟ್ಟಿನ ಪಾಲು ಅರ್ಧದ ಹತ್ತಿರ. ಗಬ್ಬ ನಿಲ್ಲುವ ಗುಣದಲ್ಲಿ ಹುಟ್ಟಿನ ಪಾಲು ನೂರಕ್ಕೆ ಐದೂ ಇಲ್ಲ. ಇಷ್ಟು ಕಡಿಮೆಯಾದ್ದರಿಂದ ಅದನ್ನು ಆರಿಸಿ ಪ್ರಯೋಜನವಿಲ್ಲ ಎಂದು ಬಹಳ ಕಾಲ ಬಿಟ್ಟರು. 2003ರ ಹೊತ್ತಿಗೆ ಅಮೆರಿಕದವರು ಹೋರಿಗಳನ್ನು ಅಳೆಯುವಾಗ ಹೆಣ್ಣುಮಕ್ಕಳು ಗಬ್ಬ ನಿಲ್ಲುವ ಗುಣಕ್ಕೂ ಅಂಕ ಕೊಡಲು ಶುರುಮಾಡಿದರು. ಕುಸಿತ ನಿಂತು ಅದು ಮತ್ತೆ ಮೇಲೇರಿತು. ನಾರ್ವೆಯ ರೈತರು ಈ ಬುದ್ಧಿಯನ್ನು 1970ರ ದಶಕದಲ್ಲೇ ತೋರಿಸಿದ್ದರು. ಅವರ ಸಹಕಾರ ಸಂಘ ಬೆಳೆಸಿದ ಕೆಂಪು ಹಸುವಿನ ಹೋರಿಗಳನ್ನು ಆರಿಸುವಾಗ ಮಗಳಿಗೆ ಕೆಚ್ಚಲು ಬಾವು ಎಷ್ಟು ಸಲ ಬಂತು, ಎಷ್ಟು ಇಂಜೆಕ್ಷನ್ನಿಗೆ ಗಬ್ಬ ನಿಂತಳು ಎಂಬುದನ್ನು ಹಾಲಿನ ಪಕ್ಕದಲ್ಲೇ ಬರೆದರು. ಡಾಕ್ಟರು ಕೊಟ್ಟ ಪ್ರತಿ ಔಷಧಿಯ ಲೆಕ್ಕವೂ ಅದಕ್ಕೆ ಸೇರುತ್ತಿತ್ತು. ಹಾಲು ಸಹಕಾರ ಸಂಘಗಳ ನಾಡಾದ ನಮಗೆ ಅನುಕರಿಸಲು ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಒಂದು ಹೋರಿ ಎಷ್ಟು ದೂರ ಹಬ್ಬಬಹುದು ಎನ್ನುವುದಕ್ಕೆ ಪಾನೀ ಫಾರ್ಮ್ ಅರ್ಲಿಂಡಾ ಚೀಫ್ ಎಂಬ ಹೋರಿಯ ಕತೆ ಕೇಳಬೇಕು. ಅದು ಹುಟ್ಟಿದ್ದು 1962ರಲ್ಲಿ, ಅಮೆರಿಕದಲ್ಲಿ. ಹದಿನಾರು ಸಾವಿರ ಹೆಣ್ಣುಮಕ್ಕಳು, ಐದು ಲಕ್ಷ ಮೊಮ್ಮಕ್ಕಳು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮರಿಮಕ್ಕಳು. ಹಾಲು ಅಪಾರ. ಆದರೆ ಅದರ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಒಂದು ಕಡೆಯಿಂದ ಮಾತ್ರ ಬಂದರೆ ತೊಂದರೆಯಿಲ್ಲ. ಅಪ್ಪನಿಂದಲೂ ಅಮ್ಮನಿಂದಲೂ ಬಂದರೆ ಕರು ಗರ್ಭದಲ್ಲೇ ಹೋಗುತ್ತದೆ. ರೈತನ ಕಣ್ಣಿಗೆ ಕಾಣುವುದು ‘ಹಸು ನಿಂತಿತ್ತು, ಮತ್ತೆ ಬೆದೆಗೆ ಬಂತು’ ಎಂಬುದಷ್ಟೇ. ಹೀಗೆ ಜಗತ್ತಿನಲ್ಲಿ ಸುಮಾರು ಐದು ಲಕ್ಷ ಕರುಗಳು ಕಣ್ಣು ಬಿಡದೆ ಹೋದವು ಎಂದು ವಿಜ್ಞಾನಿಗಳ ಅಂದಾಜು. ಕಾರಣ ತಿಳಿದದ್ದು ಹೋರಿ ಹುಟ್ಟಿ ಐವತ್ತು ವರ್ಷಗಳ ಸುಮಾರಿಗೆ, ವಂಶವಾಹಿಗಳನ್ನು ಓದುವ ಯಂತ್ರ ಬಂದ ಮೇಲೆ. ಬೆಲ್ ಎಂಬ ಇನ್ನೊಂದು ಹೆಸರಾಂತ ಹೋರಿ ರೋಗ ತಡೆಯುವ ಶಕ್ತಿಯಿಲ್ಲದೆ ಎಳೆಯದರಲ್ಲೇ ಸಾಯುವ ಕರುಗಳ ದೋಷವನ್ನು ಊರೂರಿಗೆ ಹಂಚಿತು. ಈಗ ನಮ್ಮ ವೀರ್ಯ ಕೇಂದ್ರಗಳಲ್ಲಿ ಹೋರಿಗಳನ್ನು ಇಂಥ ದೋಷಗಳಿಗೂ ಪರೀಕ್ಷಿಸುತ್ತಾರೆ. ಆದರೂ ನನಗೆ ಒಂದು ಭಯ ಉಳಿದಿದೆ. ಇವತ್ತು ಜಗತ್ತಿನಲ್ಲಿ ಬಳಕೆಯಲ್ಲಿರುವ ಹೋಲ್‌ಸ್ಟೀನ್ ಹೋರಿಗಳ ಗಂಡು ಸಂತತಿಯನ್ನು ಹಿಂದಕ್ಕೆ ಎಣಿಸುತ್ತ ಹೋದರೆ ಹೆಚ್ಚುಕಮ್ಮಿ ಎಲ್ಲವೂ 1960ರ ದಶಕದ ಎರಡೇ ಹೋರಿಗಳಿಗೆ ಮುಟ್ಟುತ್ತವೆ. ಅದರಲ್ಲೊಂದು ಚೀಫ್. ಒಂದೇ ಹೋರಿಯ ಹಿಂದೆ ಇಡೀ ಊರು ಬೀಳುವುದು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಎರಡು ಮೂರು ಒಳ್ಳೆಯ ಹೋರಿಗಳನ್ನು ಬದಲಿಸಿ ಬಳಸಬೇಕು.

ನಾಟಿ ತಳಿಗಳಿಗೆ ಲೆಕ್ಕವಿಟ್ಟು ಹೋರಿ ಆರಿಸುವ ಈ ವಿದ್ಯೆ ಬೇಡ ಎಂದು ಕೆಲವರು ಹೇಳುವುದುಂಟು. ಬ್ರೆಜಿಲಿನ ಗಿರ್ ಹಸು ಅವರಿಗೆ ಉತ್ತರ. ಗುಜರಾತಿನ ಭಾವನಗರದ ಮಹಾರಾಜರ ಮಂದೆಯಿಂದ ‘ಕೃಷ್ಣ’ ಎಂಬ ಗಿರ್ ಹೋರಿ 1960ರ ಸುಮಾರಿಗೆ ಬ್ರೆಜಿಲಿಗೆ ಹೋಯಿತು. ಕೊಂಡವರು ಸೆಲ್ಸೊ ಗಾರ್ಸಿಯಾ ಸಿಡ್ ಎಂಬ ಅಲ್ಲಿನ ದನಗಾಹಿ ಜಮೀನ್ದಾರರು. 1985ರಿಂದ ಅಲ್ಲಿ ಗಿರ್ ಹೋರಿಗಳಿಗೆ ಸಂತಾನ ಪರೀಕ್ಷೆ ಶುರುವಾಯಿತು. ಮನೆಮನೆಯ ಹಾಲು ಅಳೆದು ಬರೆದರು, ಕಡಿಮೆ ಬಿದ್ದ ಹೋರಿಯನ್ನು ನಿಷ್ಠುರವಾಗಿ ಕೈಬಿಟ್ಟರು. ಇವತ್ತು ಅದೇ ಗಿರ್‌ನ ವೀರ್ಯವನ್ನು ನಾವು ಅಲ್ಲಿಂದ ತರಿಸಿಕೊಳ್ಳುತ್ತೇವೆ. ಹೊರಟ ರಕ್ತ ಒಂದೇ, ಅಲ್ಲಿ ಅದರ ಲೆಕ್ಕ ಇಟ್ಟರು. ನಮ್ಮ ಬೀದರಿನ ದೇವಣಿಗೆ ಈ ಭಾಗ್ಯ ಬರಬೇಕು ಎಂದು ನನಗೆ ಬಹಳ ಆಸೆಯಿದೆ. ದೇವಣಿ ಉಳುತ್ತದೆ, ಹಾಲೂ ಕೊಡುತ್ತದೆ. ಊರೂರಲ್ಲಿ ಅಳೆಯುವವರು ಬೇಕು, ಅಷ್ಟೇ.

ಹೊಸದಾಗಿ ಬಂದವುಗಳ ಬಗ್ಗೆ ಎರಡು ಮಾತು. ಕರುವಾಗಿರುವಾಗಲೇ ಹೋರಿಯ ರಕ್ತವನ್ನೋ ರೋಮವನ್ನೋ ತೆಗೆದು ವಂಶವಾಹಿಗಳನ್ನು ಓದಿ, ಮಗಳು ಹುಟ್ಟುವ ಮೊದಲೇ ಅಂದಾಜು ಮಾಡುವ ಪದ್ಧತಿ ಬಂದಿದೆ. ನಮ್ಮ ದೇಶದ ದನಗಳಿಗೆಂದೇ ‘ಗೌ ಚಿಪ್’ 2024ರಲ್ಲಿ ಬಂತು. ಆರೇಳು ವರ್ಷ ಕಾಯುವುದು ತಪ್ಪುತ್ತದೆ. ಆದರೆ ಆ ಅಂದಾಜು ನಿಂತಿರುವುದು ಸಾವಿರಾರು ಹಸುಗಳ ಅಳೆದ ಹಾಲಿನ ಮೇಲೆ. ಬರೆದವರಿಲ್ಲದೆ ಯಂತ್ರಕ್ಕೆ ಓದಲು ಏನೂ ಇಲ್ಲ. ಹೆಣ್ಗರು ಬರುವ ಸ್ಟ್ರಾ ಇನ್ನೊಂದು. ಹೆಣ್ಣಾಗುವ ವೀರ್ಯಾಣುವಿನಲ್ಲಿ ಡಿಎನ್‌ಎ ನೂರಕ್ಕೆ ನಾಲ್ಕರಷ್ಟು ಹೆಚ್ಚು, ಅದನ್ನು ಹಿಡಿದು ಬೇರ್ಪಡಿಸುತ್ತಾರೆ. ಹತ್ತರಲ್ಲಿ ಒಂಬತ್ತು ಹೆಣ್ಣೇ. ಬೇರ್ಪಡಿಸುವಾಗ ವೀರ್ಯಾಣು ಸುಸ್ತಾಗಿರುತ್ತದೆ, ಸ್ಟ್ರಾದಲ್ಲಿ ಸಂಖ್ಯೆಯೂ ಕಡಿಮೆ. ಹಾಗಾಗಿ ಮೈ ತುಂಬಿದ ಕಡಸಿಗೆ, ಬೆದೆ ಸ್ಪಷ್ಟವಾಗಿ ಕಂಡಾಗ ಕೊಡಿಸುವುದು ಲೇಸು. ಹೆಣ್ಣು ಬರುವುದು ಖಚಿತವಾದಷ್ಟೂ ಅಪ್ಪ ಯಾರು ಎಂಬ ಪ್ರಶ್ನೆ ದೊಡ್ಡದಾಗುತ್ತದೆ, ಏಕೆಂದರೆ ಆ ಹೆಣ್ಣು ಕೊಟ್ಟಿಗೆಯಲ್ಲೇ ಉಳಿಯುತ್ತದೆ.

ಎಂಥ ಹೋರಿಯಾದರೂ ಹೊತ್ತು ತಪ್ಪಿದರೆ ವ್ಯರ್ಥ. ಹಸು ಬೆಳಿಗ್ಗೆ ಕೂಗಿ, ಕನ್ನಡಿಯಂಥ ತಿಳಿ ಲೋಳೆ ಹಾಕಿದರೆ ಸಂಜೆ ಇಂಜೆಕ್ಷನ್. ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಬರುವ ಸ್ಟ್ರಾ ಯಾವುದು ಎಂಬುದು. ವೀರ್ಯ ಕೇಂದ್ರಗಳು ತಮ್ಮ ಹೋರಿಗಳ ಪಟ್ಟಿಯನ್ನು ಅಚ್ಚು ಹಾಕಿಸುತ್ತವೆ, ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಕಚೇರಿಗಳ ಬೀರುವಿನಲ್ಲಿ ಉಳಿಯುತ್ತದೆ. ಪ್ರತಿ ಊರಿನ ಹಾಲಿನ ಡೈರಿಯಲ್ಲಿ ಒಂದು ಬೋರ್ಡು ಇದೆ. ದರ, ಫ್ಯಾಟು, ಬಟವಾಡೆಯ ದಿನ ಬರೆಯುತ್ತಾರೆ. ಅದರ ಪಕ್ಕದಲ್ಲಿ ಈ ವರ್ಷ ಊರಿಗೆ ಬರುವ ಹೋರಿಗಳ ನಂಬರು, ತಾಯಿಯ ಹಾಲು, ಹೆಣ್ಣುಮಕ್ಕಳ ಹಾಲು ಮತ್ತು ಫ್ಯಾಟು, ಕೆಚ್ಚಲು ಹೇಗಿದೆ, ಕರು ಸಲೀಸಾಗಿ ಹುಟ್ಟುತ್ತದೆಯೇ, ಯಾವ ವರ್ಷದಿಂದ ಈ ಊರಿಗೆ ಬರುತ್ತಿದೆ ಎಂಬುದನ್ನೆಲ್ಲ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಕಬೇಕು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ಫ್ಯಾಟಿನ ಚೀಟಿಗೆ ಕಾಯುವ ಹೊತ್ತಿನಲ್ಲಿ ಅದನ್ನು ಓದಿ ಮುಗಿಸಬಹುದು.